ಹೆಸರು ಸಿಕ್ಕಿತು, ಫಾರಂ ಒಪ್ಪಲಿಲ್ಲ

ಸಣ್ಣ ಪ್ರಕಾಶಕರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಅವರಲ್ಲೊಬ್ಬರು, ಬರೀ ಕನ್ನಡ ಪುಸ್ತಕ ಮಾರುವವರು, ಸೈಟಿನ ವಿಳಾಸವೂ ಕನ್ನಡದಲ್ಲೇ ಇರಲಿ ಎಂದು ಪಟ್ಟು ಹಿಡಿದರು. ‘ಅಲ್ರೀ, ಶಕ್ಕೆ ಬರೀ ಎಸ್ಸೋ, ಎಸ್ಸೆಚ್ಚೋ ಅಂತ ಫೋನಲ್ಲಿ ಸ್ಪೆಲ್ಲಿಂಗ್ ಹೇಳಿ ಹೇಳಿ ಸಾಕಾಗಿದೆ’ ಎಂದರು. ನ್ಯಾಯವಾದ ಮಾತೇ.

ಹೆಸರು ಪಡೆಯುವುದೇನೂ ಕಷ್ಟವಿಲ್ಲ. ವಿಳಾಸದ ಕೊನೆಗೆ ಹಾಕುವ ದೇವನಾಗರಿಯ ಡಾಟ್ ಭಾರತ್ 2014ರಲ್ಲಿ ಬಂತು; ಕನ್ನಡ ಲಿಪಿಯ ‘.ಭಾರತ’ ಆಮೇಲೆ ಸೇರಿತು. ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆ. ದುಡ್ಡು ಕಟ್ಟಿದರೆ ಹೆಸರು ನಮ್ಮದು. ತೊಡಕು ಶುರುವಾಗುವುದೇ ಅಲ್ಲಿಂದಾಚೆ.

ಇಂಟರ್ನೆಟ್ಟಿನ ಹೆಸರು ವ್ಯವಸ್ಥೆಯೊಳಗೆ ಇವತ್ತಿಗೂ ಓಡಾಡುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಷ್ಟೇ. 2003ರಲ್ಲಿ ಬಂದ ಪ್ಯೂನಿಕೋಡ್ ನಮ್ಮ ಅಕ್ಷರಗಳಿಗೆ ಆ ವೇಷ ಹಾಕಿ ಒಳಗೆ ಬಿಡುತ್ತದೆ. ‘ಭಾರತ’ ಅಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ ಆಗಿಬಿಡುತ್ತದೆ. ಚುಕ್ಕೆಗಳ ನಡುವಿನ ಒಂದೊಂದು ತುಂಡಿಗೂ 63 ಅಕ್ಷರಗಳ ಮಿತಿ. ಎಣಿಕೆ ವೇಷ ಹಾಕಿದ ಮೇಲಿನದು. ಬ್ರೌಸರಿನಲ್ಲಿ ಕನ್ನಡ ಚೆಂದವಾಗಿಯೇ ಕಾಣುತ್ತದೆ. ಅದನ್ನು ಕಾಪಿ ಮಾಡಿ ಇನ್ನೊಂದು ಕಡೆ ಅಂಟಿಸಿದರೆ ಎಷ್ಟೋ ಸಲ ಈ ಬೀಜಾಕ್ಷರ ಹೊರಬೀಳುತ್ತದೆ. ಓದುಗರೊಬ್ಬರು ವೈರಸ್ ಇರಬೇಕೆಂದು ಮೆಸೇಜನ್ನೇ ಅಳಿಸಿಹಾಕಿದರಂತೆ. ಅವರ ಅಂಜಿಕೆಗೂ ಕಾರಣವಿದೆ: 2017ರಲ್ಲಿ ಭದ್ರತಾ ಸಂಶೋಧಕರೊಬ್ಬರು ಬರೀ ಸಿರಿಲಿಕ್ ಅಕ್ಷರಗಳಿಂದಲೇ ಆಪಲ್ ಕಂಪನಿಯದರಂತೆ ಕಾಣುವ ವಿಳಾಸ ಮಾಡಿ ತೋರಿಸಿದ್ದರು. ಕನ್ನಡದ ಅ, ಜ ಅಕ್ಷರಗಳನ್ನೂ ತೆಲುಗಿನವನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟವೇ.

ಜಾಸ್ತಿ ಕಾಡಿದ್ದು ಇಮೇಲ್. ‘ಸಂಪರ್ಕ’ ಎಂದು ಶುರುವಾಗುವ ಕನ್ನಡದ ಇಮೇಲ್ ವಿಳಾಸಕ್ಕೆ ಬೇಕಾದ ತಾಂತ್ರಿಕ ನಿಯಮಗಳು 2012ರಿಂದಲೇ ಇವೆ. ಜಿಮೇಲ್ ಇಂಥ ವಿಳಾಸಗಳೊಂದಿಗೆ 2014ರಿಂದ ವ್ಯವಹರಿಸುತ್ತಿದೆ. ಆದರೆ ದಾರಿಯಲ್ಲಿರುವ ಎಲ್ಲ ಸರ್ವರ್‌ಗಳೂ ಒಪ್ಪಬೇಕಲ್ಲ. ಪುಸ್ತಕ ಕಳಿಸುವ ಕೊರಿಯರ್‌ನವರ ಫಾರಂನಲ್ಲಿ ಅದನ್ನು ತುಂಬಿದರೆ ಕೆಂಪಕ್ಷರದಲ್ಲಿ ‘ಇಮೇಲ್ ಸರಿಯಿಲ್ಲ’. ಇಂಥ ಫಾರಂಗಳ ಹಿಂದೆ ಒಂದು ಸಾಲಿನ ಕೋಡ್ ಇರುತ್ತದೆ: ಎ ಇಂದ ಜೆಡ್, 0ಯಿಂದ 9, ಬೇರೆ ಕಂಡರೆ ತಿರಸ್ಕರಿಸು. ಬರೆದವನು ಯಾರನ್ನೂ ಹೊರಗಿಡಲು ಬರೆದಿರಲಾರ, ಎಲ್ಲಿಂದಲೋ ತಂದು ಅಂಟಿಸಿರುತ್ತಾನೆ. ಕೊರಿಯರ್‌ನವರಿಗೆ ದೂರು ಬರೆದೆ. ದಯವಿಟ್ಟು ಸರಿಯಾದ ಇಮೇಲ್ ನಮೂದಿಸಿ ಎಂದು ಉತ್ತರ ಬಂತು.

ನಮ್ಮ ಮನೆಯ ತೂತುಗಳೂ ಇವೆ. ಡಿಟಿಪಿಯವರು ಕ್ಯಾಟಲಾಗನ್ನು ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದರು. ಅಚ್ಚಿನಲ್ಲಿ ವಿಳಾಸ ಅಚ್ಚುಕಟ್ಟು. ಪಿಡಿಎಫ್‌ನಿಂದ ಕಾಪಿ ಮಾಡಿದರೆ ಸಿಗುವುದು ಕೊಂಬು ಟೋಪಿ ತೊಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಬದಲಾಯಿಸಿ ಎಂದರೆ ಗೊಣಗುತ್ತಾರೆ. ಇನ್ನೊಂದು, ‘ಸಾಫ್ಟ್‌ವೇರ್’ ಎಂಬಂಥ ಹೆಸರುಗಳು. ಅಲ್ಲಿ ‘ವೇ’ ಒತ್ತಾಗಿ ಕೆಳಗಿಳಿಯದಂತೆ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಆಗ ವಿಳಾಸವೇ ಬೇರೆಯಾಗಿ ಓದುಗ ಬೇರೆಲ್ಲೋ ಹೋಗಿ ನಿಲ್ಲಬಹುದು. ಹಾಗಾಗಿ ಈಗ ಯಾರೇ ಕನ್ನಡ ವಿಳಾಸ ಕೇಳಿದರೂ ಮೊದಲು ಆ ಕಾಣದ ಅಕ್ಷರ ಬೇಡದ ಹೆಸರು ಹುಡುಕಿ ಎನ್ನುತ್ತೇನೆ. ಚೀಟಿಯಲ್ಲಿ ಬರೆದುಕೊಟ್ಟು ಬೇರೆ ಬೇರೆ ಫೋನ್ ಇರುವವರಿಂದ ಟೈಪ್ ಮಾಡಿಸಿ ನೋಡುವುದು ಒಳ್ಳೆಯದು.

ಆ ಪ್ರಕಾಶಕರ ಪುಸ್ತಕಗಳ ಹಿಂಬದಿ ರಕ್ಷಾಪುಟದಲ್ಲಿ ಈಗ ಕನ್ನಡ ವಿಳಾಸವೇ ಇದೆ, ಪಕ್ಕದಲ್ಲೊಂದು ಕ್ಯೂಆರ್ ಕೋಡ್. ಇಮೇಲಿಗೆ, ಫಾರಂಗಳಿಗೆ ಇಂಗ್ಲಿಷಿನದೊಂದನ್ನು ಬೇರೆ ತೆಗೆದುಕೊಂಡಿದ್ದಾಯಿತು. ಎರಡಕ್ಕೂ ವರ್ಷವರ್ಷ ನವೀಕರಣದ ದುಡ್ಡು ಕಟ್ಟಬೇಕು. ಇಂಗ್ಲಿಷ್ ಪುಸ್ತಕ ಮಾರುವವರಿಗೆ ಈ ಎರಡನೆಯ ಬಿಲ್ ಇಲ್ಲ.