ಪರದೆಯ ಮೇಲೊಂದು ಸ್ವಾಧ್ಯಾಯಗೋಷ್ಠಿ

ಹೈದರಾಬಾದಿನ ಮಾಧ್ವ ಕುಟುಂಬಗಳು ಇಂದು ಒಂದೇ ಬಡಾವಣೆಯಲ್ಲಿಲ್ಲ. ಬರ್ಕತ್‌ಪುರ, ಕಾಚಿಗುಡಗಳ ಮನೆಗಳಿಂದ ಮಕ್ಕಳು ಉದ್ಯೋಗನಿಮಿತ್ತ ಕೂಕಟ್‌ಪಲ್ಲಿ, ಮಿಯಾಪುರ, ಗಚ್ಚಿಬೌಲಿಗಳನ್ನು ಸೇರಿದ್ದಾರೆ. ಮಿಯಾಪುರದಿಂದ ಎಲ್.ಬಿ. ನಗರದವರೆಗಿನ ಮೆಟ್ರೋ ಮಾರ್ಗವೇ 29 ಕಿ.ಮೀ. ಉದ್ದವಿದೆ. ಹೀಗಿರಲು ಪ್ರತಿವಾರದ ಪಾಠಕ್ಕೆ ಎಲ್ಲರೂ ಒಂದೆಡೆ ಕೂಡುವುದು ದುಸ್ಸಾಧ್ಯವೇ ಸರಿ. 2020ರ ಲಾಕ್‌ಡೌನ್ ಕಾಲದಲ್ಲಿ ಅನಿವಾರ್ಯವಾಗಿ ತೊಡಗಿದ ದೂರಪಾಠವು ಅನೇಕ ಮನೆಗಳಲ್ಲಿ ಉಳಿದುಬಂದಿರುವುದು ಇದೇ ಕಾರಣದಿಂದ.

ಆದರೆ ಒಬ್ಬರು ಒಂದು ಗಂಟೆ ಹೇಳಿ, ಮಿಕ್ಕವರು ಕ್ಯಾಮೆರಾ ಮುಚ್ಚಿ ಕುಳಿತರೆ ಅದು ಉಪನ್ಯಾಸವಾಗುವುದೇ ಹೊರತು ಗೋಷ್ಠಿಯಾಗದು. ಉಪನ್ಯಾಸಕ್ಕೆ ಅದರದೇ ಸ್ಥಾನವುಂಟು. ಶ್ರವಣದ ನಂತರ ಮನನವೆಂಬುದೊಂದಿದೆಯಲ್ಲ, ಅದಕ್ಕೆ ಐದಾರು ಜನರ ಚಿಕ್ಕ ಗುಂಪೇ ಬೇಕು. ಜೂಮ್‌ನಲ್ಲಿ ದೊಡ್ಡ ಸಭೆಯನ್ನು ಇಂತಹ ಬೇರೆಬೇರೆ ಕೋಣೆಗಳಾಗಿ ಒಡೆಯುವ ಸೌಲಭ್ಯವೂ ಇದೆ.

ಶ್ರೀಮದಾಚಾರ್ಯರು ‘ಕಥಾಲಕ್ಷಣ’ದಲ್ಲಿ ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಭಾಗಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಕೀರ್ತಿ, ಸ್ಪರ್ಧೆಗಳಿಗಾಗಿ ನಡೆಯುವುದು ಜಲ್ಪ. ಚರ್ಚೆಯನ್ನು ನೋಡಿಕೊಳ್ಳುವ ಪ್ರಾಶ್ನಿಕರು ರಾಗದ್ವೇಷರಹಿತರಾಗಿರಬೇಕೆಂಬ ನಿಯಮವೂ ಅಲ್ಲಿದೆ. ನಮ್ಮ ಮನೆಗೋಷ್ಠಿ ಪಂಡಿತರ ವಾದಸಭೆಯಲ್ಲ, ನಿಜ. ಆದರೂ ಅದನ್ನು ನಡೆಸುವವರಲ್ಲಿ ಪ್ರಾಶ್ನಿಕರ ಈ ಗುಣ ಅವಶ್ಯವಾಗಿ ಇರತಕ್ಕದ್ದು. ತಾವೇ ಉತ್ತರ ಹೇಳಿಬಿಡುವ ಆತುರವನ್ನು ಅವರು ತಡೆದುಕೊಳ್ಳಬೇಕು. ಪ್ರಶ್ನೆಯ ನಂತರದ ಮೌನ ಪರದೆಯ ಮೇಲೆ ಇನ್ನಷ್ಟು ದೀರ್ಘವೆನಿಸುತ್ತದೆ; ಅದನ್ನು ಸಹಿಸಿದರೆ ಮಾತ್ರ ಸಂಕೋಚದ ಸೊಸೆಯೋ, ಹತ್ತನೆಯ ತರಗತಿಯ ಹುಡುಗನೋ ಬಾಯಿ ತೆರೆದಾರು. ವಿಶೇಷವಾಗಿ ಬಲ್ಲ ಹಿರಿಯರಿಗೆ ಕಡೆಯ ಸರದಿಯನ್ನು ಕೊಡುವುದು ಲೇಸು. ಮೊದಲೇ ಅವರು ನಿರ್ಣಯ ಹೇಳಿದರೆ ಉಳಿದವರಿಗೆ ಹೇಳಲು ಏನೂ ಉಳಿಯದು.

ಪ್ರಶ್ನೆಯನ್ನು ಎರಡು ದಿನ ಮುಂಚೆ ವಾಟ್ಸಾಪ್‌ನಲ್ಲಿ ಕಳುಹಿಸಬೇಕು. ಶ್ರೀಜಗನ್ನಾಥದಾಸರ ‘ಹರಿಕಥಾಮೃತಸಾರ’ದ ಕರುಣಾಸಂಧಿಯನ್ನು ತೆಗೆದುಕೊಳ್ಳೋಣ. ಹಾಡುವವನು ಯಾವ ಭಂಗಿಯಲ್ಲಿದ್ದರೂ ಹರಿಯು ಒಲಿದು ಕೇಳುವನೆಂಬ ಭಾವದ ಪದ್ಯ ಅಲ್ಲಿದೆ. ‘ಇದರ ತಾತ್ಪರ್ಯವೇನು?’ ಎಂದರೆ ಪುಸ್ತಕ ನೋಡಿ ಓದುತ್ತಾರೆ. ‘ಹಾಸಿಗೆ ಹಿಡಿದ ಅಜ್ಜಿ ದೇವರ ಮನೆಗೆ ಬರಲಾರರು, ಅವರಿಗೆ ಈ ಪದ್ಯ ಏನು ಹೇಳುತ್ತದೆ?’ ಎಂದರೆ ಪ್ರತಿಯೊಬ್ಬರೂ ತಮ್ಮ ಮನೆಯನ್ನೇ ನೆನೆದು ಉತ್ತರಿಸುತ್ತಾರೆ.

ಇಲ್ಲಿ ಹುಟ್ಟಿದ ಅನೇಕ ಮಕ್ಕಳು ಕನ್ನಡ ಆಡಬಲ್ಲರು, ಓದಲಾರರು. ಇದು ಸಣ್ಣ ವಿಷಯವಲ್ಲ. ಓದು ತಪ್ಪಿದರೆ ದಾಸಸಾಹಿತ್ಯ ಈ ಮನೆಗಳಲ್ಲಿ ಕಿವಿಯ ನೆನಪಾಗಿ ಮಾತ್ರ ಉಳಿಯುವುದು. ಆದರೆ ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ತೆಲುಗು ಓದುವ ಮಗುವಿಗೆ ಕನ್ನಡಲಿಪಿ ಅಪರಿಚಿತವೇನಲ್ಲ. ಎರಡೂ ಒಂದೇ ಮೂಲದವು, ತಲೆಕಟ್ಟು ಮತ್ತು ಕೆಲವು ಅಕ್ಷರಗಳ ಭೇದವನ್ನು ತೋರಿಸಿದರೆ ಬೇಗ ಹಿಡಿಯುತ್ತದೆ. ಆದ್ದರಿಂದ ಪದ್ಯವನ್ನು ಪರದೆಯ ಮೇಲೆ ಎರಡೂ ಲಿಪಿಗಳಲ್ಲಿ ಪಕ್ಕಪಕ್ಕದಲ್ಲಿಟ್ಟು, ಓದುವ ಸರದಿಯನ್ನು ಮಕ್ಕಳಿಗೇ ಕೊಡತಕ್ಕದ್ದು.

ಕಾಲವನ್ನು ಕುರಿತು ಒಂದು ಮಾತು. ಏಕಾದಶಿಯ ಸಂಜೆ ಅಡಿಗೆಯ ಕೆಲಸವಿರದು. ಗೃಹಿಣಿಯರೂ ನಿಶ್ಚಿಂತೆಯಿಂದ ಕೂಡಬಹುದು. ಮರುದಿನ ಪಾರಣೆಗೆ ಬೇಗ ಏಳಬೇಕಾದುದರಿಂದ ರಾತ್ರಿಯವರೆಗೆ ಎಳೆಯಬಾರದು. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೇ ಮುಗಿಯುವುದು ಈ ದೃಷ್ಟಿಯಿಂದ ಉಪಕಾರವೇ!

ಸಾಮೂಹಿಕ ಗಾಯನವನ್ನು ಮಾತ್ರ ಪರದೆಯ ಮೇಲೆ ಪ್ರಯತ್ನಿಸಬಾರದು. ಒಬ್ಬೊಬ್ಬರ ಧ್ವನಿ ಒಂದೊಂದು ಕ್ಷಣ ತಡವಾಗಿ ತಲುಪುವುದರಿಂದ ತಾಳ ಕೂಡದು. ಒಬ್ಬರು ಹಾಡಲಿ, ಉಳಿದವರು ಮೈಕ್ ಮುಚ್ಚಿ ತಮ್ಮ ಮನೆಯಲ್ಲೇ ದನಿಗೂಡಿಸಲಿ. ತಿಂಗಳಿಗೊಮ್ಮೆ ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಕೂಡಿದಾಗ ಆ ತಿಂಗಳ ಪದ್ಯಗಳನ್ನೆಲ್ಲ ಎಲ್ಲರೂ ಸೇರಿ ಹಾಡಬಹುದು. ಅಂದು ಮುಂದಿನ ತಿಂಗಳ ಗೋಷ್ಠಿಗಳನ್ನು ಯಾರು ನಡೆಸಬೇಕೆಂಬುದನ್ನೂ ನಿಶ್ಚಯಿಸಿಕೊಂಡರೆ, ಆ ಭಾರ ಒಬ್ಬರ ಮೇಲೆಯೇ ಬೀಳುವುದಿಲ್ಲ.