ಬಿಸಿಲಿದ್ದರೂ ರಸ್ತೆ ಮುಚ್ಚಿದೆ, ಏಕೆ?

ಮಕ್ಕಳೇ, ಆಸ್ಟ್ರೇಲಿಯದ ಭೂಪಟವನ್ನು ತೆರೆದು ನೋಡಿ. ನಡುಭಾಗದಲ್ಲಿ ಊರುಗಳ ಹೆಸರು ಬಹಳ ಕಡಿಮೆ, ಅಲ್ಲವೆ? ಜನವಸತಿ ವಿರಳವಾಗಿರುವ ಈ ಒಣ ಒಳನಾಡನ್ನು ಅಲ್ಲಿಯವರು ‘ಔಟ್‌ಬ್ಯಾಕ್’ ಎನ್ನುತ್ತಾರೆ. ಅಲ್ಲಿ ಮರ್ರಿ ಎಂಬ ಊರಿನಿಂದ ಬರ್ಡ್ಸ್‌ವಿಲ್ ಎಂಬ ಊರಿಗೆ 517 ಕಿ.ಮೀ. ಉದ್ದದ ದಾರಿಯಿದೆ. ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಇರುವಷ್ಟು ದೂರ. ಬಹುತೇಕ ಮಣ್ಣಿನ ದಾರಿ. ನಡುವೆ ಒಂದು ಪಟ್ಟಣವೂ ಇಲ್ಲ.

ಬರ್ಡ್ಸ್‌ವಿಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಬೆಂಗಳೂರಿನ ಮಳೆಯ ಐದರಲ್ಲಿ ಒಂದು ಪಾಲೂ ಇಲ್ಲ. ಆದರೂ ಮಳೆ ಬಂದಿತೆಂದರೆ ಅಲ್ಲಿ ‘ರಸ್ತೆ ಮುಚ್ಚಿದೆ’ ಎಂಬ ಫಲಕ ಕಾಣಿಸುತ್ತದೆ. ಕೆಲವೊಮ್ಮೆ ಚೆನ್ನಾಗಿ ಬಿಸಿಲು ಬಿದ್ದ ಮೇಲೂ ಫಲಕವನ್ನು ತೆಗೆಯುವುದಿಲ್ಲ. ಇದಕ್ಕೆ ಕಾರಣವೇನು?

ಮಣ್ಣಿನ ಗುಣ

ಆ ಪ್ರದೇಶದ ಹಲವೆಡೆ ಜೇಡಿಮಣ್ಣು ಹೆಚ್ಚು. ಜೇಡಿಯ ಕಣಗಳು ಮರಳಿನ ಕಣಗಳಿಗಿಂತ ಬಹಳ ಚಿಕ್ಕವು. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಪದರ ಪದರವಾಗಿರುತ್ತವೆ. ಕೆಲವು ಬಗೆಯ ಜೇಡಿಯಲ್ಲಿ ನೀರು ಈ ಪದರಗಳ ನಡುವೆ ಸೇರಿಕೊಳ್ಳುತ್ತದೆ. ಆಗ ಮಣ್ಣು ಉಬ್ಬುತ್ತದೆ, ಜಾರುತ್ತದೆ, ಗಾಲಿಗೆ ಮೆತ್ತಿಕೊಳ್ಳುತ್ತದೆ. ಮೇಲ್ಭಾಗ ಒಣಗಿದರೂ ಒಳಗೆ ಹಸಿ ಉಳಿದಿರುತ್ತದೆ. ನಮ್ಮ ವಿಜಯಪುರ, ಗದಗ ಕಡೆಯ ಎರೆಮಣ್ಣಿಗೂ ಇದೇ ಗುಣವಿದೆ.

ಇಂಥ ದಾರಿಯಲ್ಲಿ ಒಂದು ಲಾರಿ ಹೋದರೂ ಆಳವಾದ ಗಾಲಿ ಜಾಡು ಬೀಳುತ್ತದೆ. ಅದು ಒಣಗಿ ಇಟ್ಟಿಗೆಯಂತೆ ಗಟ್ಟಿಯಾದರೆ ಹಿಂದೆ ಬರುವವರೆಲ್ಲರಿಗೂ ಕಷ್ಟ. ಆದ್ದರಿಂದಲೇ ಮುಚ್ಚಿದ ರಸ್ತೆಯಲ್ಲಿ ವಾಹನ ಓಡಿಸಿದವರಿಗೆ ಅಲ್ಲಿ ದಂಡ ಹಾಕುತ್ತಾರೆ.

ದೂರದಿಂದ ಬರುವ ನೀರು

ಇನ್ನೊಂದು ಕಾರಣವಿದೆ. ಈ ನಾಡು ಬಹಳ ಸಮತಟ್ಟು. ಇಳಿಜಾರು ಕಡಿಮೆ ಇರುವುದರಿಂದ ನದಿಗಳು ಹಲವು ಕವಲುಗಳಾಗಿ ಹರಡಿ ನಿಧಾನವಾಗಿ ಹರಿಯುತ್ತವೆ. 2025ರ ಮಾರ್ಚ್ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪಶ್ಚಿಮ ಭಾಗದಲ್ಲಿ ಭಾರಿ ಮಳೆಯಾಯಿತು. ಆ ನೀರು ದಕ್ಷಿಣಕ್ಕೆ ಹರಿದು, ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ತಗ್ಗಿನಲ್ಲಿರುವ ಐರ್ ಸರೋವರವನ್ನು ತಲುಪಲು ವಾರಗಳೇ ಬೇಕಾದವು. ಅಂದರೆ ಮೋಡವೇ ಇಲ್ಲದ ದಿನವೂ ಪ್ರವಾಹ ಬಂದು ದಾರಿಯನ್ನು ಮುಳುಗಿಸಬಹುದು!

ಕಾರೂ ತೇಲುತ್ತದೆ

“ನೀರು ಮೊಣಕಾಲಿನಷ್ಟೂ ಇಲ್ಲ, ಕಾರಿನಲ್ಲಿ ದಾಟಬಹುದು” ಎನ್ನುವವರಿದ್ದಾರೆ. ಲೆಕ್ಕ ಹಾಕೋಣ. ಒಂದು ಚಿಕ್ಕ ಕಾರಿನ ತಳ 4 ಮೀಟರ್ ಉದ್ದ, 1.5 ಮೀಟರ್ ಅಗಲ ಎಂದುಕೊಳ್ಳಿ. ತಳದಿಂದ 15 ಸೆಂ.ಮೀ. ಮೇಲಕ್ಕೆ ನೀರು ಬಂದರೆ ಕಾರು ಸರಿಸಿದ ನೀರು 4 × 1.5 × 0.15 = 0.9 ಘನ ಮೀಟರ್, ಅಂದರೆ 900 ಲೀಟರ್. ಅಷ್ಟು ನೀರಿನ ತೂಕ 900 ಕಿಲೋಗ್ರಾಂ. ಆರ್ಕಿಮಿಡೀಸನ ತತ್ತ್ವದಂತೆ ಅಷ್ಟೇ ಬಲ ಕಾರನ್ನು ಮೇಲಕ್ಕೆ ತಳ್ಳುತ್ತದೆ. ಗಾಲಿಗಳ ಹಿಡಿತ ತಪ್ಪಿದ ಕಾರನ್ನು ಹರಿಯುವ ನೀರು ಸುಲಭವಾಗಿ ಎಳೆದೊಯ್ಯುತ್ತದೆ.

ಅಲ್ಲಿ ಪ್ರಯಾಣಿಸುವವರು ಹೊರಡುವ ಮೊದಲೇ ರಸ್ತೆಯ ಸ್ಥಿತಿ ವಿಚಾರಿಸುತ್ತಾರೆ. ಹೆಚ್ಚಿನ ನೀರು, ಆಹಾರ ಮತ್ತು ಉಪಗ್ರಹ ಫೋನ್ ಒಯ್ಯುತ್ತಾರೆ. ಕೆಸರಿನಲ್ಲಿ ಸಿಕ್ಕಿಕೊಂಡರೆ ನಡೆದು ಹೋಗದೆ ವಾಹನದ ಬಳಿಯೇ ಕಾಯುತ್ತಾರೆ. ಏಕೆಂದರೆ ಹುಡುಕುವವರಿಗೆ ಒಂಟಿ ಮನುಷ್ಯನಿಗಿಂತ ವಾಹನ ಬೇಗ ಕಾಣುತ್ತದೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಹಳ್ಳ ದಾಟಿ ಶಾಲೆಗೆ ಬರುತ್ತೀರಿ. ನಿಮ್ಮೂರಿನಲ್ಲಿ ಮಳೆ ನಿಂತಿದ್ದರೂ ಮೇಲಿನ ಊರಿನ ಮಳೆನೀರು ಹಳ್ಳದಲ್ಲಿ ಬರುತ್ತಿರಬಹುದು. ತುಂಬಿದ ಹಳ್ಳಕ್ಕೆ ಇಳಿಯಬೇಡಿ. ತಪ್ಪಿದ ಪಾಠವನ್ನು ನಿಮ್ಮ ಗುರುಗಳು ಮತ್ತೆ ಹೇಳಿಕೊಡುತ್ತಾರೆ.

ಮಾಡಿ ನೋಡಿ

ಒಂದು ತಟ್ಟೆಯಲ್ಲಿ ಮರಳು, ಇನ್ನೊಂದರಲ್ಲಿ ಎರೆಮಣ್ಣು ಅಥವಾ ಕೆರೆಯ ಜೇಡಿಮಣ್ಣು ಸಮವಾಗಿ ಹರಡಿ. ಎರಡಕ್ಕೂ ಒಂದೇ ಅಳತೆಯ ನೀರು ಹಾಕಿ. ಆಟಿಕೆಯ ಗಾಡಿಯನ್ನು ಎರಡರ ಮೇಲೂ ಓಡಿಸಿ, ತಟ್ಟೆಗಳನ್ನು ಬಿಸಿಲಿನಲ್ಲಿಡಿ.

1. ಗಾಲಿಗೆ ಯಾವ ಮಣ್ಣು ಹೆಚ್ಚು ಮೆತ್ತಿಕೊಂಡಿತು?
2. ಯಾವುದು ಮೊದಲು ಒಣಗಿತು?
3. ಒಣಗಿದ ಮೇಲೂ ಗಾಲಿ ಜಾಡು ಗಟ್ಟಿಯಾಗಿ ಉಳಿದದ್ದು ಯಾವುದರಲ್ಲಿ?