ಸ್ವಬಲ ಮತ್ತು ಪರಬಲ: ಕಿತ್ತೂರು ನಾಡಿನ ಇತಿಹಾಸವು ಕಲಿಸುವ ರಾಜನೀತಿ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ರಾಜ್ಯಕ್ಕೆ ಅಂಗಗಳೆಂದು ಪ್ರಾಚೀನ ರಾಜನೀತಿಜ್ಞರ ಮತ. ಇವುಗಳಲ್ಲಿ ದಂಡವೆಂದರೆ ಸೇನಾಬಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಈ ಬಲವನ್ನು ಆರು ಬಗೆಯಾಗಿ ವಿಂಗಡಿಸಲಾಗಿದೆ. ವಂಶಪರಂಪರೆಯಿಂದ ನೆಲಕ್ಕೆ ಅಂಟಿಕೊಂಡು ಬಂದುದು ಮೌಲಬಲ; ಸಂಬಳಕ್ಕೆ ನಿಂತುದು ಭೃತಬಲ; ಸಂಘಗಳಿಗೆ ಸೇರಿದುದು ಶ್ರೇಣಿಬಲ; ಮಿತ್ರನು ಕಳುಹಿಸಿದುದು ಮಿತ್ರಬಲ; ಒಮ್ಮೆ ಶತ್ರುವಾಗಿದ್ದವನಿಂದ ಬಂದುದು ಅಮಿತ್ರಬಲ; ಕಾಡುಮೇಡುಗಳಲ್ಲಿ ಯಾರಿಗೂ ಅಧೀನವಾಗದೆ ತಿರುಗುವುದು ಅಟವೀಬಲ. ಹಿಂದಿನದು ಮುಂದಿನದಕ್ಕಿಂತ ಶ್ರೇಷ್ಠವೆಂಬುದು ಕೌಟಿಲ್ಯನ ನಿರ್ಣಯ. ಕೊನೆಯ ಎರಡು ಬಲಗಳಿಗೆ ಕೊಳ್ಳೆಯೇ ಗುರಿ. ಕೊಳ್ಳೆ ಸಿಕ್ಕದಿದ್ದರೆ ಅವು ಮನೆಯೊಳಗೆ ಸೇರಿದ ಹಾವಿನಂತೆ ಭಯಂಕರವೆಂದು ಆತನು ಎಚ್ಚರಿಸುತ್ತಾನೆ.

ಈ ಸೂತ್ರಕ್ಕೆ ಉದಾಹರಣೆಯನ್ನು ಅರಸಿ ದೂರ ಹೋಗಬೇಕಾಗಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನು ಒಳಗೊಂಡ ಮಲಪ್ರಭೆಯ ಸೀಮೆಯೇ ಅದರ ಸಜೀವ ಭಾಷ್ಯವಾಗಿದೆ.

ಇಬ್ಬರ ನಡುವಿನ ನಾಡು

ಆದಿಲಶಾಹಿಯ ಕಾಲದಲ್ಲಿ ತಲೆಯೆತ್ತಿದ ಕಿತ್ತೂರು ದೇಸಗತಿಯು ಮುಂದೆ ಅನೇಕ ಒಡೆಯರನ್ನು ಕಂಡಿತು. ಸವಣೂರಿನ ನವಾಬರು ಹೋಗಿ ಪುಣೆಯ ಪೇಶ್ವೆಯರು ಬಂದರು. ದಕ್ಷಿಣದಿಂದ ಹೈದರ್ ಅಲಿಯು ಕೃಷ್ಣಾತೀರದವರೆಗೆ ಕೈಚಾಚಿದನು. ೧೭೭೮ರ ಸುಮಾರಿಗೆ ಕಿತ್ತೂರು, ನರಗುಂದಗಳ ಒಡೆಯರು ಹೈದರನಿಗೆ ಕಾಣಿಕೆ ಸಲ್ಲಿಸುವವರಾದರು. ಒಡೆಯನು ಬದಲಾದಾಗಲೆಲ್ಲ ಕಾಣಿಕೆಯ ಮೊತ್ತ ಬದಲಾಗುತ್ತಿತ್ತು. ಅದನ್ನು ತೆರುವ ರೈತನು ಮಾತ್ರ ಬದಲಾಗುತ್ತಿರಲಿಲ್ಲ.

ಮಿತ್ರಬಲವನ್ನು ನಂಬಿದವರ ಗತಿಯೇನೆಂಬುದನ್ನು ನರಗುಂದವು ತೋರಿಸಿತು. ಟಿಪ್ಪು ಸುಲ್ತಾನನು ರೂಢಿಗಿಂತ ಹೆಚ್ಚಿನ ಕಾಣಿಕೆಯನ್ನು ಕೇಳಿದಾಗ ನರಗುಂದದ ವೆಂಕಟರಾವ ಭಾವೆಯು ಪುಣೆಯ ಬೆಂಬಲವನ್ನು ನೆಚ್ಚಿ ಎದುರು ನಿಂತನು. ನಾನಾ ಫಡ್ನವೀಸನು ಪರಶುರಾಮಭಾವು ಪಟವರ್ಧನನ ನೇತೃತ್ವದಲ್ಲಿ ದಂಡನ್ನು ಕಳುಹಿಸಿದನಾದರೂ ಅದರಿಂದ ಮುತ್ತಿಗೆಯು ತೆರವಾಗಲಿಲ್ಲ. ೧೭೮೫ರಲ್ಲಿ ನರಗುಂದವು ಬಿದ್ದಿತು. ವೆಂಕಟರಾವನು ಸೆರೆಯಾಗಿ ಕಬ್ಬಾಳದುರ್ಗಕ್ಕೆ ಒಯ್ಯಲ್ಪಟ್ಟನು. ರಾಮದುರ್ಗವೂ ಕಿತ್ತೂರೂ ಅದೇ ವರ್ಷ ಟಿಪ್ಪುವಿನ ಕೈಸೇರಿದವು. ೧೭೮೭ರ ಗಜೇಂದ್ರಗಡದ ಒಪ್ಪಂದದಲ್ಲಿ ಈ ಸೀಮೆಯು ಪುನಃ ಮರಾಠರ ಪಾಲಾಯಿತು. ಈ ಕೊಡುಕೊಳ್ಳುವಿಕೆಯಲ್ಲಿ ಇಲ್ಲಿನ ಜನಪದವನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಲಪ್ರಭೆಯ ದಂಡೆಯ ಮೇಲೆ

ಅಟವೀಬಲದ ಹಾವಳಿಯನ್ನು ೧೮೦೦ರ ಬೇಸಗೆ ಮಳೆಗಾಲಗಳಲ್ಲಿ ಈ ನಾಡು ಕಂಡಿತು. ಟಿಪ್ಪುವಿನ ಪತನದ ಬಳಿಕ ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆ ಹೊಂದಿದ ಧೋಂಡಿಯಾ ವಾಘನು ಚದುರಿಹೋದ ಸೈನಿಕರನ್ನು ಕೂಡಿಸಿಕೊಂಡು ತುಂಗಭದ್ರೆ ಮಲಪ್ರಭೆಗಳ ನಡುವೆ ಸಂಚರಿಸತೊಡಗಿದನು. ಅವನನ್ನು ಹತ್ತಿಕ್ಕಲು ಹೊರಟ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯು ಜೂನ್ ೩೦ರಂದು ಕಿತ್ತೂರಿನ ಸಮೀಪದಲ್ಲಿ ಹತನಾದನು. ಜುಲೈ ೩೦ರಂದು ಕಂಪನಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಸವದತ್ತಿ ಸೀಮೆಯ ಮುನವಳ್ಳಿಯ ಎದುರು ಧೋಂಡಿಯಾನ ಪಾಳೆಯದ ಮೇಲೆ ಬಿದ್ದನು. ತುಂಬಿ ಹರಿಯುತ್ತಿದ್ದ ಮಲಪ್ರಭೆಯಲ್ಲಿ ಅನೇಕರು ಮುಳುಗಿ ಸತ್ತರು. ಸಪ್ಟೆಂಬರ್ ೧೦ರಂದು ಧೋಂಡಿಯಾನೇ ಯುದ್ಧದಲ್ಲಿ ಮಡಿದನು. ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನು ಇದೇ ವೆಲ್ಲೆಸ್ಲಿ.

ಈ ಒಂದೇ ವರ್ಷದಲ್ಲಿ ಮೂರು ದಂಡುಗಳು ಒಂದೇ ಸೀಮೆಯ ಹೊಲಗದ್ದೆಗಳನ್ನು ತುಳಿದವು. ಮೂರರಲ್ಲಿ ಒಂದೂ ಆ ಸೀಮೆಯದಾಗಿರಲಿಲ್ಲ. ಮತ್ತೊಂದು ಸಂಗತಿಯೂ ಗಮನಾರ್ಹವಾಗಿದೆ: ಲೂಟಿಗಾರನನ್ನು ಅಡಗಿಸಿ ರಕ್ಷಕನೆನಿಸಿಕೊಂಡವನು ಮರಳಿ ಹೋಗುವಾಗ ದಾರಿಯನ್ನು ಅರಿತುಕೊಂಡು ಹೋದನು.

ಮಿತ್ರನು ಒಡೆಯನಾದ ಬಗೆ

ಕಿತ್ತೂರಿನ ಮಲ್ಲಸರ್ಜನು ಕಾಲಜ್ಞನಾಗಿದ್ದನು. ೧೮೦೯ರಲ್ಲಿ ಅವನು ಎರಡನೆಯ ಬಾಜೀರಾವ ಪೇಶ್ವೆಗೆ ವರ್ಷಕ್ಕೆ ೧,೭೫,೦೦೦ ರೂಪಾಯಿ ಕಾಣಿಕೆ ಕೊಡಲೊಪ್ಪಿ ಸಂಸ್ಥಾನವನ್ನು ಉಳಿಸಿಕೊಂಡನು. ಹೀಗಿದ್ದರೂ ಮುಂದೆ ಪುಣೆಯಲ್ಲಿ ಸೆರೆಯನ್ನು ಅನುಭವಿಸಬೇಕಾಯಿತು. ೧೮೧೬ರಲ್ಲಿ ಅವನು ತೀರಿಕೊಂಡನು. ಪೇಶ್ವೆಯಿಂದ ನೊಂದ ಸಂಸ್ಥಾನವು ೧೮೧೮ರಲ್ಲಿ ಕಂಪನಿಯ ಕಡೆಗೆ ವಾಲಿದುದು ಸಹಜವೇ ಆಗಿತ್ತು. ಥಾಮಸ್ ಮನ್ರೋನು ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜನು ನೆರವು ನೀಡಿದನು. ಪ್ರತಿಯಾಗಿ ಸಂಸ್ಥಾನಕ್ಕೆ ಕಂಪನಿಯ ಸನದು ದೊರೆಯಿತು.

ಇದನ್ನು ಅವಿವೇಕವೆಂದು ಇಂದು ಹೇಳುವುದು ಸುಲಭ. ಅಂದು ದೇಸಾಯಿಯ ಮುಂದಿದ್ದ ದಾರಿಗಳಾದರೂ ಎಷ್ಟು? ಇಬ್ಬರು ಪ್ರಬಲರಿದ್ದಾಗ ಒಬ್ಬನನ್ನು ತೋರಿಸಿ ಮತ್ತೊಬ್ಬನನ್ನು ತಡೆಯಬಹುದು. ೧೮೧೮ರಲ್ಲಿ ಪೇಶ್ವೆಯು ಅಳಿದ ಮೇಲೆ ಉಳಿದವನು ಒಬ್ಬನೇ. ಆಗ ಮಿತ್ರಬಲವು ಒಡೆತನವಾಗಿ ಮಾರ್ಪಟ್ಟಿತು. ಸನದೆಂಬುದು ಕೊಟ್ಟವನ ಇಚ್ಛೆಯಿರುವವರೆಗೆ ಮಾತ್ರ ಕಾಗದಕ್ಕೆ ಬೆಲೆ ತರುವ ವಸ್ತುವೆಂಬುದು ಆರೇ ವರ್ಷಗಳಲ್ಲಿ ತಿಳಿದುಬಂದಿತು.

೧೮೨೪ರ ಸಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ಸಾಯುವ ಮೊದಲು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆಯು ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿ ಕಾವಲಿರಿಸಿದನು. ಸಪ್ತಾಂಗಗಳ ಲೆಕ್ಕದಲ್ಲಿ ನೋಡಿದರೆ ಇದರ ಮರ್ಮ ಸ್ಪಷ್ಟವಾಗುತ್ತದೆ. ಸ್ವಾಮಿ ಯಾರೆಂಬುದನ್ನು ಹೊರಗಿನವನು ನಿಶ್ಚಯಿಸಿದನು. ಕೋಶದ ಬೀಗವು ಹೊರಗಿನವನ ಕೈಗೆ ಹೋಯಿತು. ಅಮಾತ್ಯವರ್ಗದಲ್ಲಿಯೂ ಹೊರಗಿನವನ ಮುಖ ನೋಡುವವರು ಹುಟ್ಟಿಕೊಂಡರು. ಉಳಿದುದು ದುರ್ಗ, ಜನಪದ ಮತ್ತು ಮೌಲಬಲ. ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮನು ಆಶ್ರಯಿಸಿದುದು ಈ ಮೂರನ್ನೇ.

ಅಕ್ಟೋಬರ್ ೨೩ರಂದು ಕೋಟೆಯ ಬಾಗಿಲು ತೆರೆದು ಹೊರಬಿದ್ದ ಕಿತ್ತೂರಿನ ವೀರರ ಎದುರು ಥ್ಯಾಕರೆಯೂ ಮೂವರು ಸೇನಾಧಿಕಾರಿಗಳೂ ಹತರಾದರು. ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಗಳ ಪ್ರಾಣಕ್ಕೆ ಅಪಾಯವಾಗಲಿಲ್ಲ. ಬಿಡುಗಡೆ ಹೊಂದಿದ ಆ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನೆಂಬುದು ಕನ್ನಡ ವಿದ್ವಾಂಸರು ನೆನೆಯತಕ್ಕ ವಿಷಯ. ಡಿಸೆಂಬರ್ ತಿಂಗಳ ಆರಂಭದಲ್ಲಿ ದೊಡ್ಡ ಸೇನೆಯು ಬಂದು ಕೋಟೆಯನ್ನು ಮುತ್ತಿತು. ೫ನೆಯ ದಿನಾಂಕಕ್ಕೆ ಕಿತ್ತೂರು ಬಿದ್ದಿತು. ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ೧೮೨೯ರ ಫೆಬ್ರುವರಿಯಲ್ಲಿ ಲಿಂಗೈಕ್ಯಳಾದಳು.

ಭೂಮಿಯೊಡನೆ ಹುಟ್ಟಿದ ಬಲ

ಕೋಟೆ ಬಿದ್ದ ಮೇಲೆಯೂ ಮೌಲಬಲವು ಸಾಯಲಿಲ್ಲ. ಹಳ್ಳಿಯ ರಕ್ಷಣೆಗಾಗಿ ಹೊಲವನ್ನು ಉಂಬಳಿಯಾಗಿ ಪಡೆದು, ಕರೆ ಬಂದಾಗ ಆಯುಧ ಹಿಡಿಯುವವರು ಶೇತಸನದಿಗಳು. ಉತ್ತುವುದೂ ಕಾಯುವುದೂ ಅವರಿಗೆ ಒಂದೇ ವೃತ್ತಿ. ಕಂಪನಿಯ ಆಡಳಿತವು ಆ ಹೊಲಗಳ ಮೇಲೆ ಕೈಯಿಟ್ಟಾಗ ಅವರ ಅನ್ನವೂ ಮಾನವೂ ಒಟ್ಟಿಗೆ ಹೋದವು. ಸಂಗೊಳ್ಳಿಯ ರಾಯಣ್ಣನು ಇಂತಹ ಶೇತಸನದಿ. ದತ್ತಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೇರಿಸುವ ಸಂಕಲ್ಪದಿಂದ ೧೮೨೯-೩೦ರಲ್ಲಿ ಅವನು ಬೀಡಿ, ಸಂಪಗಾವಿಗಳ ಸರಕಾರಿ ಕಚೇರಿಗಳ ಮೇಲೆ ದಾಳಿಯಿಟ್ಟನು. ಸಂಬಳವಿಲ್ಲದ ಜನರು ಅವನೊಡನೆ ನಿಂತರು. ೧೮೩೦ರ ಏಪ್ರಿಲಿನಲ್ಲಿ ಅವನು ಸೆರೆಸಿಕ್ಕುದು ಸ್ವಜನದೊಳಗಿನ ಕೆಲವರ ದ್ರೋಹದಿಂದ. ೧೮೩೧ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಇದೇ ಪಾಠವು ೧೮೫೮ರಲ್ಲಿ ಮತ್ತೊಮ್ಮೆ ಕಂಡಿತು. ದತ್ತಕದ ಹಕ್ಕನ್ನು ಕಳೆದುಕೊಂಡ ನರಗುಂದದ ಬಾಬಾಸಾಹೇಬ ಭಾವೆಯ ಜನರು ಮೇ ೨೯ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. ಬಾಬಾಸಾಹೇಬನ ಸೋದರನೇ ಆಗಿದ್ದ ರಾಮದುರ್ಗದ ಒಡೆಯನು ಬ್ರಿಟಿಷರ ಪಕ್ಷದಲ್ಲಿದ್ದನು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ರಾಮದುರ್ಗವು ೧೯೪೮ರವರೆಗೆ ಸಂಸ್ಥಾನವಾಗಿ ಉಳಿಯಿತು. ಒಂದೇ ಮನೆತನವನ್ನು ಇಬ್ಭಾಗ ಮಾಡುವ ಶಕ್ತಿ ಪರಬಲದ ಛಾಯೆಗಿದೆ.

ಲೋಕದ ಕನ್ನಡಿಯಲ್ಲಿ

ಕಾಲ ಬದಲಾದರೂ ನ್ಯಾಯ ಬದಲಾಗಿಲ್ಲ. ೧೯೭೫ರಿಂದ ೧೯೯೦ರವರೆಗೆ ಲೆಬನಾನ್ ದೇಶದಲ್ಲಿ ಪಂಗಡಕ್ಕೊಂದು ಸಶಸ್ತ್ರ ದಳವಿತ್ತು. ಸಿರಿಯಾ, ಇಸ್ರೇಲ್, ಇರಾನ್ ದೇಶಗಳು ತಮತಮಗೆ ಬೇಕಾದವರನ್ನು ಪೋಷಿಸಿದವು. ಅಫಘಾನಿಸ್ತಾನದಲ್ಲಿ ೧೯೭೯ರಿಂದ ೧೯೮೯ರವರೆಗೆ ಸೋವಿಯೆತ್ ಸೇನೆಯು ಸರಕಾರದ ಪಕ್ಷದಲ್ಲಿ ನಿಂತರೆ, ಅಮೆರಿಕೆಯ ಶಸ್ತ್ರಗಳು ಪಾಕಿಸ್ತಾನದ ಮಾರ್ಗವಾಗಿ ಎದುರಾಳಿಗಳಿಗೆ ತಲುಪಿದವು. ಶಸ್ತ್ರ ಕೊಟ್ಟವರು ಹಿಂದಿರುಗಿದ ಮೇಲೂ ಶಸ್ತ್ರ ಹಿಡಿದವರು ಉಳಿದು ತಮ್ಮತಮ್ಮೊಳಗೆ ಕಾದಾಡಿದರು. ಕೌಟಿಲ್ಯನು ಹೇಳಿದ ಮನೆಯೊಳಗಿನ ಹಾವು ಇದೇ.

ಮೌಲಬಲವಿದ್ದೂ ಕಿತ್ತೂರು ಸೋತಿತಲ್ಲವೇ ಎಂದು ವಿದ್ಯಾರ್ಥಿಯು ಕೇಳಬಹುದು. ಸೋತಿತು; ಎದುರಾಳಿಯ ತೋಪು ದೊಡ್ಡದಾಗಿತ್ತು, ಆ ಸೇನೆಯಲ್ಲಿ ಸಂಬಳಕ್ಕೆ ನಿಂತವರಲ್ಲಿ ಬಹುಮಂದಿ ಈ ದೇಶದವರೇ ಆಗಿದ್ದರು. ಸ್ವಬಲವು ಜಯವನ್ನು ನಿಶ್ಚಯಗೊಳಿಸುವುದಿಲ್ಲ. ಆದರೆ ಸೋತ ಮೇಲೆಯೂ ನಾಡಿಗೆ ತನ್ನದೆಂಬ ಹೆಸರನ್ನು ಅದು ಉಳಿಸುತ್ತದೆ. ಎರವಲು ಬಲವು ಗೆದ್ದರೂ ಗೆಲುವು ಎರವಲು ಕೊಟ್ಟವನದೇ. ಬೈಲಹೊಂಗಲದ ಸಮಾಧಿಯ ಮುಂದೆ ಮಕ್ಕಳನ್ನು ನಿಲ್ಲಿಸುವ ಉಪಾಧ್ಯಾಯರು ರಾಣಿಯ ಖಡ್ಗವನ್ನು ವರ್ಣಿಸುವುದರೊಂದಿಗೆ, ಮುದ್ರೆ ಬಿದ್ದ ಖಜಾನೆಯ ಕಥೆಯನ್ನೂ ಶೇತಸನದಿಯ ಹೊಲದ ಕಥೆಯನ್ನೂ ಹೇಳಬೇಕು. ಆಗ ಇತಿಹಾಸವು ಕೇವಲ ಅಭಿಮಾನವಾಗಿ ಉಳಿಯದೆ ವಿವೇಕವಾಗಿ ಬೆಳೆಯುತ್ತದೆ.